ಶಿರಸಿಯಲ್ಲಿ ತಯಾರಾಗಿ ಕಾರವಾರದಲ್ಲಿ ಓಡಿದ ಕೈಗಡಿಯಾರ: ಹಳೆ ಯಂತ್ರದಿಂದ ಎಷ್ಟು ನಿಖರತೆ ಕೇಳಬಹುದು ಎಂಬುದರ ಪ್ರಕರಣ ಅಧ್ಯಯನ

ಹಳೆಯ ಎಚ್‌ಎಂಟಿ ಯಂತ್ರವೊಂದನ್ನು ಉಳಿಸಿಕೊಂಡು, ಅದಕ್ಕೆ ಹೊಸ ಕೇಸು, ಡಯಲು ಮತ್ತು ಮುಳ್ಳುಗಳನ್ನು ಕೈಯಿಂದಲೇ ಮಾಡಿ ಕೊಟ್ಟ ಒಂದು ಕೈಗಡಿಯಾರ ಸರಿಯಾದ ಸಮಯ ತೋರಿಸುತ್ತದೆಯೇ ಇಲ್ಲವೇ ಎಂಬ ವಿಷಯದಲ್ಲಿ ತಯಾರಕರಿಗೂ ಗ್ರಾಹಕರಿಗೂ ಭಿನ್ನಾಭಿಪ್ರಾಯ ಉಂಟಾಯಿತು. ತಯಾರಕರು ಶಿರಸಿಯವರು, ಮೂವತ್ತರ ಆಸುಪಾಸಿನ ಯುವಕರು. ಗ್ರಾಹಕರು ಕಾರವಾರದಲ್ಲಿ ನೆಲೆಸಿರುವ, ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ತರರು. ಕುಮಟೆಯಲ್ಲಿ ವಾಚು ದುರಸ್ತಿಯ ಕೆಲಸ ಮಾಡಿಕೊಂಡಿರುವ ನನ್ನನ್ನು ಇಬ್ಬರೂ ಒಪ್ಪಿ ನಡುವೆ ಕರೆದರು. ಅವರ ಅನುಮತಿ ಪಡೆದು, ಹೆಸರುಗಳನ್ನು ಬಿಟ್ಟು, ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೆಯ ಕಪಾಟಿನಲ್ಲಿ ನಿಂತುಹೋಗಿರುವ ವಾಚಿನ ಯಂತ್ರವನ್ನು ಹೊಸ ರೂಪದಲ್ಲಿ ಕಟ್ಟಿಸಿಕೊಳ್ಳುವ ಆಸೆ ಈಗ ಹಲವರಲ್ಲಿ ಕಾಣುತ್ತಿದೆ. ಹಾಗೆ ಕಟ್ಟಿಸಿಕೊಂಡವರು ಕೆಲವೇ ದಿನಗಳಲ್ಲಿ ಅದನ್ನು ಮೊಬೈಲಿನ ಪಕ್ಕದಲ್ಲಿಟ್ಟು ನೋಡುತ್ತಾರೆ, ವ್ಯತ್ಯಾಸ ಕಾಣುತ್ತದೆ, ತಯಾರಕರಿಗೆ ಫೋನು ಹೋಗುತ್ತದೆ. "ಹಳೆ ಯಂತ್ರ, ಅಷ್ಟು ಇದ್ದೇ ಇರುತ್ತದೆ" ಎಂದು ತಯಾರಕರು ಹೇಳುತ್ತಾರೆ, "ಇಷ್ಟು ದುಡ್ಡು ಕೊಟ್ಟ ಮೇಲೂ ಹೀಗೆಯೇ?" ಎಂದು ಗ್ರಾಹಕರು ಕೇಳುತ್ತಾರೆ. ಈ ಎರಡೂ ಮಾತುಗಳಿಂದ ವಿಷಯ ಇತ್ಯರ್ಥವಾಗುವುದಿಲ್ಲ. ವಾಚನ್ನು ಬಿಚ್ಚಿ ನೋಡಬೇಕು, ಅಳೆಯಬೇಕು, ಅದನ್ನು ಧರಿಸುವವರ ದಿನಚರಿಯನ್ನೂ ಕೇಳಿ ತಿಳಿಯಬೇಕು. ಈ ಪ್ರಕರಣದಲ್ಲಿ ಅದೆಲ್ಲ ಸಾಧ್ಯವಾದದ್ದು ಮಾಸ್ತರರು ತಮ್ಮ ದೂರನ್ನು ಬಾಯಿಮಾತಿನಲ್ಲಿ ಹೇಳದೆ ನೋಟುಪುಸ್ತಕದಲ್ಲಿ ಬರೆದು ತಂದಿದ್ದರಿಂದ.

ಯಂತ್ರ ಮತ್ತು ಕೈಕೆಲಸ

ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ಆರಂಭಿಸಿದ್ದು 1961ರಲ್ಲಿ. ಮುಂದೆ ಹಲವು ದಶಕಗಳ ಕಾಲ 'ಜನತಾ'ದಂತಹ ಕೀ ಕೊಡುವ ವಾಚುಗಳು ನಮ್ಮ ಜಿಲ್ಲೆಯ ಮಾಸ್ತರರು, ಗುಮಾಸ್ತರು, ಬಸ್ ಕಂಡಕ್ಟರರ ಮುಂಗೈಯಲ್ಲಿ ಸಾಮಾನ್ಯವಾಗಿದ್ದವು. ವಾಚು ವಿಭಾಗವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಮಾಸ್ತರರು ನೌಕರಿಗೆ ಸೇರಿದ ಹೊಸತರಲ್ಲಿ ಕೊಂಡದ್ದು ಇಂತಹದೇ ಒಂದು ವಾಚು: 17 ಕಲ್ಲುಗಳ (ಒಳಗಿನ ಚಕ್ರಗಳ ತುದಿ ತಿರುಗುವ ಗಟ್ಟಿ ಹರಳುಗಳ), ಗಂಟೆಗೆ 18,000 ಬಾರಿ ಬಡಿಯುವ, ದಿನಕ್ಕೊಮ್ಮೆ ಕೀ ಬೇಡುವ ಯಂತ್ರ. ಬೆವರಿಗೂ ಕಡಲ ಗಾಳಿಗೂ ಹಳೆಯ ಕೇಸಿನ ಕ್ರೋಮ್ ಲೇಪ ಎದ್ದುಹೋಗಿ, ಬೆಲ್ಟಿನ ಪಿನ್ನು ಕೂರುವ ಕಡೆ ಹಸಿರು ಕಿಲುಬು ಕಟ್ಟಿತ್ತು. ಡಯಲಿನ ಅಂಕಿಗಳು ಅರ್ಧ ಮಾಸಿದ್ದವು. ಒಳಗಿನ ಯಂತ್ರ ಮಾತ್ರ ನೋಡುವುದಕ್ಕೆ ಚೊಕ್ಕಟವಾಗಿತ್ತು.

ಶಿರಸಿಯ ತಯಾರಕರು ಸ್ಟೇನ್‌ಲೆಸ್ ಉಕ್ಕನ್ನು ಲೇತಿಗೆ ಕೊಟ್ಟು ಹೊಸ ಕೇಸು ಕಡೆದರು. ಹಿಂಬದಿಯ ಮುಚ್ಚಳಕ್ಕೂ ಕ್ರೌನಿಗೂ (ಪಕ್ಕದಲ್ಲಿ ಕೀ ಕೊಡುವ ತಿರುಪಿಗೂ) ನೀರು ತಡೆಯುವ ರಬ್ಬರ್ ರಿಂಗು ಕೂರಿಸಿದರು. ಡಯಲು ಹಿತ್ತಾಳೆಯದು. ಗಂಧದ ಕೆತ್ತನೆಯಲ್ಲಿ ಕೈ ಪಳಗಿದ ಗುಡಿಗಾರ ಮನೆತನದ ಕುಶಲಕರ್ಮಿಯೊಬ್ಬರು ಅದರ ಅಂಚಿನುದ್ದಕ್ಕೂ ಬಳ್ಳಿಯೊಂದನ್ನು ಕೆತ್ತಿದ್ದಾರೆ, ಆ ಬಳ್ಳಿಯ ಹನ್ನೆರಡು ಮೊಗ್ಗುಗಳೇ ಗಂಟೆಯ ಗುರುತುಗಳು. ಲೆನ್ಸ್ ಹಿಡಿದು ನೋಡಿದರೆ ಉಳಿಯ ಪ್ರತಿ ಹೊಡೆತ ಎಲ್ಲಿ ಆರಂಭವಾಗಿ ಎಲ್ಲಿ ತೆಳುವಾಗಿ ನಿಂತಿತು ಎಂಬುದು ಕಾಣುತ್ತದೆ. ಮುಳ್ಳುಗಳನ್ನು ಉಕ್ಕಿನ ತಗಡಿನಿಂದ ಕೊರೆದು, ಅರದಿಂದ ತಿದ್ದಿ, ಹಿತ್ತಾಳೆಯ ಪುಡಿಯ ಮೇಲಿಟ್ಟು ಕಾಯಿಸಲಾಯಿತು. ಉಕ್ಕು ಮೊದಲು ಹುಲ್ಲಿನ ಹಳದಿಗೆ, ಆಮೇಲೆ ಕಂದಿಗೆ, ನೇರಳೆಗೆ ತಿರುಗಿ, ಸುಮಾರು 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಗಾಢ ನೀಲಿಯಾಗುತ್ತದೆ. ಆ ಕ್ಷಣದಲ್ಲಿ ತೆಗೆಯದಿದ್ದರೆ ಬಣ್ಣ ಬೂದಿಗೆ ಇಳಿದುಬಿಡುತ್ತದೆ. ಮೂರು ಮುಳ್ಳುಗಳಿಗೂ ಒಂದೇ ನೀಲಿ ಬರಿಸಿರುವುದು ಸಣ್ಣ ಕೆಲಸವಲ್ಲ, ಅದನ್ನು ಮನಸಾರೆ ಮೆಚ್ಚಿ ದಾಖಲಿಸುತ್ತೇನೆ.

ಆದರೆ ಈ ಕೈಕೆಲಸದಲ್ಲಿ ಯಾವುದೂ ವಾಚು ಎಷ್ಟು ಸರಿಯಾಗಿ ಓಡುತ್ತದೆ ಎಂಬುದನ್ನು ನಿರ್ಧರಿಸುವುದಿಲ್ಲ. ಸಮಯವನ್ನು ಹಿಡಿದಿಡುವುದು ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ ಮತ್ತು ಅದರ ಕೂದಲೆಳೆಯಂಥ ಸುರುಳಿಯಾದ ಹೇರ್‌ಸ್ಪ್ರಿಂಗ್, ಅವೆರಡೂ ಇಲ್ಲಿ ಹಳೆಯವು. ಮಾಸ್ತರರು ಕೊಟ್ಟ ಹಣದ ಬಹುಪಾಲು ಕೇಸು, ಡಯಲು, ಮುಳ್ಳುಗಳ ಶ್ರಮಕ್ಕೆ ಸಂದಿದೆ. ಹಾಗಾಗಿ ಬೆಲೆ ಏರಿದಷ್ಟೂ ನಿಖರತೆ ಏರಬೇಕು ಎಂಬ ಲೆಕ್ಕ ಇಂತಹ ವಾಚುಗಳಿಗೆ ಹೊಂದುವುದಿಲ್ಲ. ಹಾಗೆಂದು ತಯಾರಕರು ಹೊಣೆಯಿಂದ ಪಾರಾಗುವುದೂ ಇಲ್ಲ: ಯಂತ್ರವನ್ನು ಸರ್ವೀಸ್ ಮಾಡಿ ಕೊಟ್ಟಿದ್ದೇನೆ ಎಂದು ಹಣ ಪಡೆದ ಮೇಲೆ, ಆ ಯಂತ್ರ ತನ್ನ ವಿನ್ಯಾಸಕ್ಕೆ ತಕ್ಕಂತೆ ಓಡುವ ಹಾಗೆ ಮಾಡುವುದು ಅವರ ಕರ್ತವ್ಯ.

ದೂರು

ವಾಚಿನ ಜೊತೆಗೆ ತಯಾರಕರು ಒಂದು ಚೀಟಿ ಕೊಟ್ಟಿದ್ದರು. ಕೇಸಿನ ಅಳತೆ, ಯಂತ್ರದ ವಿವರಗಳ ಕೆಳಗೆ ಅದರಲ್ಲಿ "ನಿಖರತೆ: ದಿನಕ್ಕೆ +6 ಸೆಕೆಂಡು" ಎಂದು ಬರೆದಿತ್ತು. ಮಾಸ್ತರರು ಅದನ್ನು ಬರೆದಂತೆಯೇ ಓದಿಕೊಂಡರು: ವಾಚು ದಿನಕ್ಕೆ 6 ಸೆಕೆಂಡು ಮುಂದೆ ಹೋಗುತ್ತದೆ, ವಾರಕ್ಕೆ 42 ಸೆಕೆಂಡು, ಆದ್ದರಿಂದ ಭಾನುವಾರಕ್ಕೊಮ್ಮೆ ಸರಿಮಾಡಿಕೊಂಡರೆ ಸಾಕು. ಅವರ ನೋಟುಪುಸ್ತಕದಲ್ಲಿ ಕಂಡದ್ದು ಬೇರೆಯೇ. ಒಂದು ದಿನ 5 ಸೆಕೆಂಡು ಮುಂದೆ, ಮರುದಿನ 28 ಹಿಂದೆ, ಅದರ ಮರುದಿನ 3 ಹಿಂದೆ, ಮತ್ತೊಂದು ದಿನ 35 ಹಿಂದೆ. ವಾರ ತುಂಬುವಾಗ ವಾಚು ಒಂದೂವರೆ, ಎರಡು ನಿಮಿಷ ಹಿಂದೆ ಬಿದ್ದಿರುತ್ತಿತ್ತು.

ಮಾಸ್ತರರು ಬಸ್ಸು ಹತ್ತಿ ಶಿರಸಿಗೆ ಹೋದರು. ತಯಾರಕರು ವಾಚನ್ನು ಅದರ ವೇಗ ಅಳೆಯುವ ಟೈಮಿಂಗ್ ಯಂತ್ರದ ಮೇಲಿಟ್ಟರು. ಪರದೆಯ ಮೇಲೆ ಮತ್ತೆ +6 ಬಂತು.

"ಮಾಸ್ತರರೇ, ನೀವೇ ನೋಡಿ, ಇಲ್ಲಿ ಆರೇ ತೋರಿಸ್ತದೆ."

"ತಮಾ, ನಾನು ವಾಚು ಕಟ್ಟಿಕೊಳ್ಳೂದು ನನ್ನ ಕೈಗೆ, ನಿನ್ನ ಯಂತ್ರಕ್ಕಲ್ಲ."

ಪ್ರಕರಣದ ತಿರುಳು ಈ ಎರಡು ಮಾತುಗಳಲ್ಲಿದೆ. ಇಬ್ಬರೂ ಅಳೆದದ್ದು ನಿಜ, ಇಬ್ಬರ ಸಂಖ್ಯೆಯೂ ನಿಜ, ಆದರೆ ಅವರು ಅಳೆದದ್ದು ಒಂದೇ ವಸ್ತುವನ್ನಲ್ಲ. ತಯಾರಕರು ಪೂರ್ತಿ ಕೀ ಕೊಟ್ಟ, ಡಯಲು ಮೇಲಾಗಿ ಮಲಗಿದ ವಾಚು ಕೆಲವು ನಿಮಿಷ ಹೇಗೆ ಬಡಿಯುತ್ತದೆ ಎಂಬುದನ್ನು ಅಳೆದರು. ಮಾಸ್ತರರು ಅದೇ ವಾಚು ತಮ್ಮ ಮುಂಗೈಯಲ್ಲಿ, ಮೇಜಿನ ಮೇಲೆ, ಗೋಡೆಯ ಮೊಳೆಯಲ್ಲಿ ಕಳೆದ ಇಡೀ ಹಗಲಿರುಳನ್ನು ಅಳೆದರು.

ಇದರ ಜೊತೆಗೆ ಮಾಸ್ತರರ ಮನಸ್ಸಿನಲ್ಲಿ ಇನ್ನೊಂದು ಅಳತೆಗೋಲೂ ಇತ್ತು. ಇದೇ ಯಂತ್ರ ನೌಕರಿಯ ಕಾಲದಲ್ಲಿ ಒಂದು ಸೆಕೆಂಡೂ ತಪ್ಪುತ್ತಿರಲಿಲ್ಲ ಎಂದು ಅವರು ಖಚಿತವಾಗಿ ಹೇಳುತ್ತಿದ್ದರು. ಆಗ ವಾಚಿಗೆ ಯಾವಾಗ ಕೀ ಕೊಡುತ್ತಿದ್ದಿರಿ ಎಂದು ಕೇಳಿದಾಗ, ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಯ ಹೊತ್ತಿಗೆ ಎಂದರು. ವಾರ್ತೆಯ ಸಮಯಕ್ಕೆ ಗಡಿಯಾರ ಸರಿಹೊಂದಿಸಿಕೊಳ್ಳುವುದು ಆಗ ಮನೆಮನೆಯ ರೂಢಿ. ದಿನವೂ ತಿದ್ದಿಕೊಂಡ ವಾಚಿನಲ್ಲಿ ವ್ಯತ್ಯಾಸ ಕೂಡುತ್ತ ಹೋಗಲು ಅವಕಾಶವೇ ಇರಲಿಲ್ಲ. ಅವರ ನೆನಪಿನಲ್ಲಿ ಉಳಿದ ನಿಖರತೆಯಲ್ಲಿ ಅರ್ಧ ಪಾಲು ಆಕಾಶವಾಣಿಯದು. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿಕೊಂಡರು. ಹಳೆಯ ವಾಚನ್ನು ಕಟ್ಟಿಸಿಕೊಳ್ಳಲು ಬರುವ ಬಹಳ ಮಂದಿಯಲ್ಲಿ ಇಂತಹ ನೆನಪೇ ನಿರೀಕ್ಷೆಯಾಗಿರುತ್ತದೆ. ಕೆಲಸ ಹಿಡಿಯುವ ಮೊದಲೇ ಆ ನೆನಪನ್ನು ಕೇಳಿ ತಿಳಿದುಕೊಳ್ಳುವುದು ತಯಾರಕರಿಗೆ ಒಳ್ಳೆಯದು.

ಸಂಖ್ಯೆಗಳನ್ನು ಓದುವ ಬಗೆ

ಒಂದು ದಿನಕ್ಕೆ 86,400 ಸೆಕೆಂಡು. ದಿನಕ್ಕೆ 30 ಸೆಕೆಂಡು ತಪ್ಪುವ ವಾಚು ಶೇಕಡಾ 0.035ರಷ್ಟು ಮಾತ್ರ ತಪ್ಪುತ್ತಿರುತ್ತದೆ. ಗಂಟೆಗೆ 18,000 ಬಾರಿ ಬಡಿಯುವ ಯಂತ್ರ ದಿನಕ್ಕೆ 4,32,000 ಬಾರಿ ಬಡಿಯುತ್ತದೆ. 30 ಸೆಕೆಂಡಿನ ವ್ಯತ್ಯಾಸವೆಂದರೆ ಅಷ್ಟರಲ್ಲಿ 150 ಬಡಿತದ ಏರುಪೇರು. ಮಾಸ್ತರರು ಗಣಿತದವರಾದ್ದರಿಂದ ಈ ಲೆಕ್ಕವನ್ನು ಅವರೇ ಮಾಡಿ ತೋರಿಸಿದರು. ಆದರೂ ಶೇಕಡಾವಾರು ಸಣ್ಣದೆಂಬ ಕಾರಣಕ್ಕೆ ದೂರು ತಳ್ಳಿಹಾಕತಕ್ಕದ್ದಲ್ಲ, ಏಕೆಂದರೆ ಇದೇ ಬಗೆಯ ಯಂತ್ರಗಳು ಅದಕ್ಕಿಂತ ಚೆನ್ನಾಗಿ ಓಡಬಲ್ಲವು.

ಹೋಲಿಕೆಗೆ ಕೆಲವು ಮಿತಿಗಳನ್ನು ನೆನಪಿಡಬಹುದು. ಸ್ವಿಟ್ಜರ್ಲೆಂಡಿನ ಅಧಿಕೃತ ಕ್ರೋನೋಮೀಟರ್ (ಅತಿ ನಿಖರ ವಾಚು) ಪರೀಕ್ಷೆಯಲ್ಲಿ ಹೊಸ ಯಂತ್ರವನ್ನು 15 ದಿನ, ಐದು ಭಂಗಿಗಳಲ್ಲಿ, 8, 23 ಮತ್ತು 38 ಡಿಗ್ರಿ ಉಷ್ಣತೆಗಳಲ್ಲಿ ನೋಡುತ್ತಾರೆ. ಅದರ ದೈನಿಕ ಸರಾಸರಿ ಹಿಂದಕ್ಕೆ 4, ಮುಂದಕ್ಕೆ 6 ಸೆಕೆಂಡಿನೊಳಗೆ ಇರಬೇಕು. ಆಯ್ದು ಪಳಗಿಸಿದ ಯಂತ್ರಗಳಿಗೇ ಇಷ್ಟು ಅವಕಾಶ ಕೊಟ್ಟಿದ್ದಾರೆ. ಸಾಧಾರಣ ಕ್ವಾರ್ಟ್ಸ್ ವಾಚಿನ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ, ತಿಂಗಳಿಗೆ 15 ಸೆಕೆಂಡಿನ ಆಚೀಚೆ ಇರುತ್ತದೆ. ಕ್ವಾರ್ಟ್ಸ್ ಕೈಗಡಿಯಾರ ಮೊದಲು ಮಾರಾಟಕ್ಕೆ ಬಂದದ್ದು 1969ರ ಡಿಸೆಂಬರಿನಲ್ಲಿ, ಜಪಾನಿನಲ್ಲಿ. ಮೊಬೈಲಿನ ಸಮಯವಂತೂ ಜಾಲದ ಮೂಲಕ ಪರಮಾಣು ಗಡಿಯಾರಗಳಿಂದ ಬರುವಂಥದ್ದು. ಸೆಕೆಂಡಿಗೆ ಐದು ಸಲ ಬಡಿಯುವ ಚಕ್ರವನ್ನು ಅದರ ಪಕ್ಕದಲ್ಲಿಟ್ಟು ಅಳೆಯಬಹುದು, ಅದಕ್ಕೆ ಸಮನಾಗಬೇಕೆಂದು ಕೇಳಲಾಗದು.

ಮಾಸ್ತರರ ಪಟ್ಟಿಯಲ್ಲಿ ನನ್ನ ಗಮನ ಸೆಳೆದದ್ದು ವಾರದ ಕೊನೆಯ ಎರಡು ನಿಮಿಷವಲ್ಲ, ದಿನದಿಂದ ದಿನಕ್ಕೆ ಕಂಡ ಏರಿಳಿತ. ಒಂದು ವಾಚು ದಿನವೂ ತಪ್ಪದೆ 20 ಸೆಕೆಂಡು ಹಿಂದೆ ಬೀಳುತ್ತಿದ್ದರೆ ಅದು ಒಳ್ಳೆಯ ವಾಚು. ವೇಗ ಹೊಂದಿಸುವ ರೆಗ್ಯುಲೇಟರಿನ ಕಡ್ಡಿಯನ್ನು ಒಂದಿಷ್ಟು ಸರಿಸಿದರೆ ಆ 20 ಮಾಯವಾಗುತ್ತದೆ. ಒಂದು ದಿನ 5 ಮುಂದೆ, ಮರುದಿನ 28 ಹಿಂದೆ ಹೋಗುವ ವಾಚಿನ ಕಡ್ಡಿಯನ್ನು ಎತ್ತ ಸರಿಸಿದರೂ ಫಲವಿಲ್ಲ. ಹಳೆಯ ಯಂತ್ರದಿಂದ ಕೇಳಬೇಕಾದದ್ದು ಶೂನ್ಯ ವ್ಯತ್ಯಾಸವನ್ನಲ್ಲ, ಸ್ಥಿರತೆಯನ್ನು. ಆ ಸ್ಥಿರತೆ ಈ ವಾಚಿನಲ್ಲಿ ಇರಲಿಲ್ಲ, ಆದ್ದರಿಂದ ಮಾಸ್ತರರ ದೂರಿನಲ್ಲಿ ಹುರುಳಿತ್ತು.

ಪರೀಕ್ಷೆಯಲ್ಲಿ ಕಂಡದ್ದು

ಟೈಮಿಂಗ್ ಯಂತ್ರ ವಾಚಿನ ಬಡಿತವನ್ನು ಆಲಿಸಿ ಎರಡು ಮುಖ್ಯ ವಿಷಯಗಳನ್ನು ಹೇಳುತ್ತದೆ: ಈ ವೇಗದಲ್ಲೇ ಓಡಿದರೆ ದಿನಕ್ಕೆ ಎಷ್ಟು ಸೆಕೆಂಡು ತಪ್ಪುತ್ತದೆ ಎಂಬುದು, ಮತ್ತು ಬ್ಯಾಲೆನ್ಸ್ ಚಕ್ರ ಒಂದು ಕಡೆಗೆ ಎಷ್ಟು ಡಿಗ್ರಿ ತಿರುಗಿ ಹಿಂದಿರುಗುತ್ತಿದೆ ಎಂಬುದು. ಎರಡನೆಯದನ್ನು ಇಲ್ಲಿ ತೂಗಾಟದ ಕೋನ ಎನ್ನುತ್ತೇನೆ.

ಪೂರ್ತಿ ಕೀ ಕೊಟ್ಟಾಗ, ಡಯಲು ಮೇಲಾಗಿ ವಾಚು +6, ಡಯಲು ಕೆಳಗಾಗಿ +8 ತೋರಿಸಿತು. ತೂಗಾಟದ ಕೋನ 262 ಡಿಗ್ರಿ. ನಿಲ್ಲಿಸಿದಾಗ, ಅಂದರೆ ಕ್ರೌನು ಕೆಳಗಾಗಿ −14, ಕ್ರೌನು ಮೇಲಾಗಿ −9, ಹನ್ನೆರಡರ ಅಂಕಿ ಮೇಲಾಗಿ −12. ಕೋನ 226 ಡಿಗ್ರಿಗೆ ಇಳಿಯಿತು. ಇಷ್ಟನ್ನೇ ನೋಡಿದ್ದರೆ, ಹಳೆಯ ಯಂತ್ರಕ್ಕೆ ತಕ್ಕಮಟ್ಟಿಗೆ ಸರಿಯಿದೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಮತ್ತೆ ಕೀ ಕೊಡದೆ 24 ಗಂಟೆ ಬಿಟ್ಟು ಅಳೆದಾಗ ನಿಂತ ಭಂಗಿಗಳ ಕೋನ 180ರ ಆಸುಪಾಸಿಗೆ ಕುಸಿದಿತ್ತು. ಕ್ರೌನು ಕೆಳಗಾದಾಗ −48, ಕ್ರೌನು ಮೇಲಾದಾಗ +14. ಬೆಳಿಗ್ಗೆ ಈ ಎರಡು ಭಂಗಿಗಳ ನಡುವೆ 5 ಸೆಕೆಂಡಿದ್ದ ಅಂತರ ಮರುದಿನಕ್ಕೆ 62 ಆಗಿತ್ತು.

ಇದರ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಳೆ ಯಂತ್ರ ಹಾಕಿದ ವಾಚುಗಳ ದೂರುಗಳಲ್ಲಿ ಬಹುಪಾಲು ಇಲ್ಲಿಗೇ ಬಂದು ನಿಲ್ಲುತ್ತವೆ. ವಾಚು ಮಲಗಿದಾಗ ಬ್ಯಾಲೆನ್ಸ್ ಚಕ್ರ, ಆಣಿಯ ಮೇಲೆ ನೆಟ್ಟಗೆ ನಿಂತ ಬುಗುರಿಯ ಹಾಗೆ, ತನ್ನ ಪಿವಟ್ಟಿನ, ಅಂದರೆ ದಂಡದ ಸೂಜಿಯಂಥ ಕೊನೆಯ, ತುದಿಯಲ್ಲಿ ತಿರುಗುತ್ತದೆ, ಘರ್ಷಣೆ ತೀರಾ ಕಡಿಮೆ. ವಾಚು ನಿಂತಾಗ ಎರಡೂ ಪಿವಟ್ಟುಗಳ ಪಕ್ಕೆಗಳು ಕಲ್ಲಿನ ರಂಧ್ರದ ಗೋಡೆಗೆ ಒರಗುತ್ತವೆ, ಘರ್ಷಣೆ ಹೆಚ್ಚಿ ತೂಗಾಟ ಕುಗ್ಗುತ್ತದೆ. ಇದು ಹೊಸ ವಾಚಿನಲ್ಲೂ ಇರುವ ಸಂಗತಿ. ಅದರ ಮೇಲೆ, ಚಕ್ರದ ಅಂಚಿನ ಒಂದು ಕಡೆ ಲವಲೇಶ ಭಾರ ಹೆಚ್ಚಿದ್ದರೂ ನಿಂತ ಭಂಗಿಯಲ್ಲಿ ಗುರುತ್ವ ಆ ಕಡೆಯನ್ನು ಎಳೆಯುತ್ತದೆ. ಈ ಎಳೆತದ ಪರಿಣಾಮ ತೂಗಾಟದ ಕೋನವನ್ನು ಅವಲಂಬಿಸಿದೆ: ಕೋನ 220 ಡಿಗ್ರಿಯ ಹತ್ತಿರವಿದ್ದಾಗ ಅದು ಬಹುತೇಕ ಕಾಣೆಯಾಗುತ್ತದೆ, ಹೆಚ್ಚಿದಾಗ ಒಂದು ದಿಕ್ಕಿಗೂ ತಗ್ಗಿದಾಗ ಅದರ ವಿರುದ್ಧ ದಿಕ್ಕಿಗೂ ತಿರುಗುತ್ತದೆ. ಈ ವಾಚಿನ ಕೋನ ಪೂರ್ತಿ ಕೀ ಇರುವಾಗ 226 ಡಿಗ್ರಿ, ಅಂದರೆ ದೋಷ ಅಡಗಿಕೊಳ್ಳುವ ಜಾಗದಲ್ಲೇ ಇತ್ತು. ಶಿರಸಿಯ ಮೇಜಿನ ಮೇಲೆ ಅದು ಕಾಣದಿದ್ದರಲ್ಲಿ ಆಶ್ಚರ್ಯವಿಲ್ಲ. ಕೀ ಇಳಿದು ಕೋನ 180ಕ್ಕೆ ಬಂದಾಗ ಅದು ಪೂರ್ತಿಯಾಗಿ ಹೊರಬಿತ್ತು.

ಧರಿಸುವವರ ದಿನಚರಿ

ವಾಚು ಕೀ ಇಳಿದ ಸ್ಥಿತಿಯಲ್ಲಿ ಎಷ್ಟು ಹೊತ್ತು ಓಡುತ್ತಿತ್ತು ಎಂಬುದು ಮುಂದಿನ ಪ್ರಶ್ನೆ. ಮಾಸ್ತರರು ಕೀ ಕೊಡುವುದನ್ನು ನನ್ನ ಎದುರಿಗೇ ತೋರಿಸಿದರು: ಕ್ರೌನನ್ನು ಎಂಟು ಹತ್ತು ಸಲ ತಿರುಗಿಸಿ, ಬೆರಳಿಗೆ ಇನ್ನೂ ಬಿಗಿ ತಾಗುವ ಮೊದಲೇ, ಕೈ ತೆಗೆದುಬಿಟ್ಟರು. ಹೆಚ್ಚು ಕೀ ಕೊಟ್ಟರೆ ಸ್ಪ್ರಿಂಗ್ ತುಂಡಾದೀತು ಎಂಬುದು ಅವರ ತಂದೆ ಹೇಳಿದ ಮಾತು. ಆ ತಲೆಮಾರಿನ ಬಹಳ ಜನ ಇದನ್ನು ನಂಬಿದ್ದರು. ವಾಚಿಗೆ ಬಲ ಕೊಡುವ ಹಳೆಯ ಉಕ್ಕಿನ ಮೇನ್‌ಸ್ಪ್ರಿಂಗ್‌ಗಳು ತುಕ್ಕು ಹಿಡಿದು ತುಂಡಾಗುತ್ತಿದ್ದದ್ದು ನಿಜ, ಕೀ ಕೊಡುತ್ತಿರುವಾಗಲೇ ತುಂಡಾದದ್ದನ್ನು ಕಂಡವರಿಗೆ ಹಾಗೆ ಅನಿಸಿದ್ದೂ ಸಹಜ. ಆದರೆ ಕೀ ಕೊಡುವ ವಾಚನ್ನು ತಡೆ ಸಿಗುವವರೆಗೂ ನಿಧಾನವಾಗಿ ತಿರುಗಿಸಿ, ತಡೆ ಸಿಕ್ಕಲ್ಲಿ ನಿಲ್ಲಿಸುವುದೇ ಸರಿಯಾದ ಕ್ರಮ. ಮಾಸ್ತರರ ವಾಚು ಹೀಗೆ ಎಂದೂ ಪೂರ್ತಿ ಕೀ ಕಂಡಿರಲಿಲ್ಲ. ದಿನದ ಬಹುಭಾಗವನ್ನು ಅದು ತನ್ನ ದುರ್ಬಲ ಗಳಿಗೆಯಲ್ಲೇ ಕಳೆಯುತ್ತಿತ್ತು.

ಭಂಗಿಯ ಕಥೆಯೂ ಹೀಗೆಯೇ ಬಿಚ್ಚಿಕೊಂಡಿತು. ಎಡಗೈಗೆ ಕಟ್ಟಿದ ವಾಚು ಕೈ ಇಳಿಬಿಟ್ಟು ನಡೆಯುವಾಗ ಕ್ರೌನು ಕೆಳಗಾಗಿ ನಿಲ್ಲುತ್ತದೆ, ಅದು ಈ ಯಂತ್ರದ ಅತಿ ಕೆಟ್ಟ ಭಂಗಿ. ಮಾಸ್ತರರು ಸಂಜೆ ಟ್ಯಾಗೋರ್ ಕಡಲತೀರದಲ್ಲಿ ದೂರದವರೆಗೆ ನಡೆಯುವ ಅಭ್ಯಾಸದವರು, ಆ ಹೊತ್ತಿಗೆ ಕೀ ಕೂಡ ಇಳಿದಿರುತ್ತಿತ್ತು. ರಾತ್ರಿ ವಾಚನ್ನು ಬಕಲಿನಿಂದ ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದರು. ಮಳೆಗಾಲದಲ್ಲಿ ಮೇಜಿನ ಮೇಲೆ ಬಿಟ್ಟರೆ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ ಎಂಬ ಕಾರಣಕ್ಕೆ ಬಂದ ಅಭ್ಯಾಸ ಅದು, ಕರಾವಳಿಯ ಮನೆಗಳಲ್ಲಿ ಅರ್ಥವಾಗುವ ಕಾರಣವೇ. ಆದರೆ ತೂಗುಹಾಕಿದ ಎಂಟು ಗಂಟೆಯೂ ವಾಚು ನಿಂತ ಭಂಗಿಯಲ್ಲಿ ಹಿಂದೆ ಬೀಳುತ್ತಿತ್ತು. ಓದುತ್ತ ಕುಳಿತ ದಿನ, ವಾಚು ಮೇಜಿನ ಮೇಲೆ ಮಲಗಿದ ದಿನ, ವ್ಯತ್ಯಾಸ ಕಡಿಮೆ. ನೋಟುಪುಸ್ತಕದ ಏರಿಳಿತಕ್ಕೂ ಅವರು ನೆನಪಿಸಿಕೊಂಡು ಹೇಳಿದ ದಿನಚರಿಗೂ ಹೊಂದಾಣಿಕೆ ಸಿಕ್ಕಿತು.

ಇನ್ನೆರಡು ಅನುಮಾನಗಳನ್ನು ಬೇಗ ಬಗೆಹರಿಸಿದೆವು. ಘಟ್ಟದ ಮೇಲಿನ ಶಿರಸಿಯ ತಂಪಿನಲ್ಲಿ ಹೊಂದಿಸಿದ ವಾಚು ಕಾರವಾರದ ಸೆಕೆಗೆ ನಿಧಾನವಾಗಿರಬಹುದು ಎಂದು ತಯಾರಕರು ಊಹಿಸಿದ್ದರು. ಸಾದಾ ಉಕ್ಕಿನ ಹೇರ್‌ಸ್ಪ್ರಿಂಗ್ ಇದ್ದ ಕಾಲಕ್ಕೆ ಈ ಊಹೆ ಸರಿ, ಆಗ ಒಂದು ಡಿಗ್ರಿ ಉಷ್ಣತೆ ಏರಿದರೆ ದಿನಕ್ಕೆ ಹತ್ತು ಸೆಕೆಂಡಿನ ಸುಮಾರಿಗೆ ಹಿಂದೆ ಬೀಳುತ್ತಿತ್ತು. ಉಷ್ಣತೆಗೆ ಬಗ್ಗದ ನಿಕ್ಕಲ್ ಉಕ್ಕಿನ ಮಿಶ್ರಲೋಹಗಳನ್ನು ಕಂಡುಹಿಡಿದ ಗಿಯೋಮ್ ಅವರಿಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು, ಆ ಬಗೆಯ ಮಿಶ್ರಲೋಹದ ಸ್ಪ್ರಿಂಗ್‌ಗಳು ಬಂದ ಮೇಲೆ ಆ ತೊಂದರೆ ಬಹುಮಟ್ಟಿಗೆ ತೀರಿತು. ಈ ವಾಚನ್ನು ಬೆಚ್ಚಗೆ ಇಟ್ಟು ನೋಡಿದಾಗಲೂ ವೇಗದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಎರಡನೆಯದು ಅಯಸ್ಕಾಂತ. ಮೊಬೈಲಿನ ಮಡಚುವ ಕವರಿನಲ್ಲಿ ಅಯಸ್ಕಾಂತ ಇರುತ್ತದೆ, ಹೇರ್‌ಸ್ಪ್ರಿಂಗ್‌ಗೆ ಅದು ತಗುಲಿದರೆ ಸುರುಳಿಗಳು ಒಂದಕ್ಕೊಂದು ಅಂಟಿ ವಾಚು ನಿಮಿಷಗಟ್ಟಲೆ ಮುಂದೆ ಓಡತೊಡಗುತ್ತದೆ. ದಿಕ್ಸೂಚಿ ಹಿಡಿದು ನೋಡಿದೆವು, ಅದರ ಮುಳ್ಳು ಅಲುಗಲಿಲ್ಲ, ಅಂದರೆ ವಾಚಿಗೆ ಅಯಸ್ಕಾಂತ ತಗುಲಿರಲಿಲ್ಲ.

ದುರಸ್ತಿ

ಕೆಲಸ ಶಿರಸಿಯಲ್ಲೇ ನಡೆಯಿತು, ನಾನು ಪಕ್ಕದಲ್ಲಿ ಕುಳಿತಿದ್ದೆ. ಮೊದಲು ಬ್ಯಾರಲ್ (ಸ್ಪ್ರಿಂಗ್ ಇರುವ ಡಬ್ಬಿ) ತೆರೆದು ಮೇನ್‌ಸ್ಪ್ರಿಂಗ್ ಹೊರತೆಗೆದರು. ಚೈತನ್ಯವಿರುವ ಸ್ಪ್ರಿಂಗ್ ಡಬ್ಬಿಯಿಂದ ಹೊರಬಂದ ಕೂಡಲೇ ಅಗಲವಾಗಿ ತೆರೆದು, ತುದಿ ಹಿಮ್ಮುಖವಾಗಿ ಬಾಗುತ್ತದೆ. ಇದು ಮೇಜಿನ ಮೇಲೆ ಸುರುಳಿ ಸುತ್ತಿಕೊಂಡೇ ಉಳಿಯಿತು. ಇಷ್ಟು ಬಳಲಿದ ಸ್ಪ್ರಿಂಗ್ ಪೂರ್ತಿ ಕೀ ಕೊಟ್ಟರೂ ಸಾಕಷ್ಟು ಬಲ ಕೊಡುವುದಿಲ್ಲ. ಯಂತ್ರವನ್ನು ತೊಳೆದು ಎಣ್ಣೆ ಹಾಕಿದ್ದ ತಯಾರಕರು, ಮೂಲ ಭಾಗ ಉಳಿಯಲಿ ಎಂಬ ಗೌರವದಿಂದ, ಸ್ಪ್ರಿಂಗನ್ನು ಹಾಗೆಯೇ ಬಿಟ್ಟಿದ್ದರು. ಮೇನ್‌ಸ್ಪ್ರಿಂಗ್ ಸವೆದು ಬದಲಾಗಬೇಕಾದ ಭಾಗ. ಅದನ್ನು ಬದಲಿಸಿದರೆ ವಾಚಿನ ಹಳಮೆಗೆ ಕುಂದು ಬರುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಹೊಸ ಸ್ಪ್ರಿಂಗ್ ಹಾಕಲಾಯಿತು.

ಬ್ಯಾಲೆನ್ಸಿನ ವಿಷಯ ಅಷ್ಟು ಸುಲಭವಿರಲಿಲ್ಲ. ಲೆನ್ಸಿನ ಕೆಳಗೆ ಒಂದು ಪಿವಟ್ಟಿನ ಪಕ್ಕೆ ಸವೆದು ಮಂಕಾಗಿರುವುದು ಕಂಡಿತು. ಬ್ಯಾಲೆನ್ಸಿನ ದಂಡವನ್ನೇ ಬದಲಿಸಬಹುದಿತ್ತು, ಇಲ್ಲವೇ ಬೇರೊಂದು ಹಳೆ ಯಂತ್ರದಿಂದ ಇಡೀ ಬ್ಯಾಲೆನ್ಸ್ ತಂದು ಕೂರಿಸಬಹುದಿತ್ತು. ಹೊಸ ಜಪಾನಿ ಆಟೋಮ್ಯಾಟಿಕ್ ಯಂತ್ರವನ್ನೇ ಹಾಕಿ ಕೊಡುತ್ತೇನೆ, ಹಣ ಬೇಡ ಎಂದು ತಯಾರಕರು ಹೇಳಿದರು, ಅದು ಅವರ ದೊಡ್ಡತನ. ಮಾಸ್ತರರು ಒಪ್ಪಲಿಲ್ಲ. ನನ್ನ ಕೈಯಲ್ಲಿ ಇಷ್ಟು ವರ್ಷ ಬಡಿದದ್ದೇ ಇನ್ನೂ ಬಡಿಯಬೇಕು, ಅದಕ್ಕಾಗಿಯೇ ಈ ವಾಚು ಮಾಡಿಸಿದ್ದು ಎಂದರು. ಹಾಗೆ ನಿರ್ಧರಿಸಿದ ಮೇಲೆ ಆ ಬ್ಯಾಲೆನ್ಸಿನ ಮಿತಿಯನ್ನೂ ಒಪ್ಪಬೇಕಾಗುತ್ತದೆ ಎಂಬುದನ್ನು ಅವರಿಗೆ ಬಿಡಿಸಿ ಹೇಳಿ, ಪಿವಟ್ಟನ್ನು ಉಜ್ಜಿ ನುಣುಪು ಮಾಡುವುದೆಂದು ತೀರ್ಮಾನಿಸಿದೆವು.

ಬಳಿಕ ಹೇರ್‌ಸ್ಪ್ರಿಂಗ್ ಬಿಡಿಸಿ, ಚಕ್ರವನ್ನು ಎರಡು ನಯವಾದ ಕಲ್ಲಿನ ಅಂಚುಗಳ ಮೇಲೆ ಅಡ್ಡವಾಗಿ ಇಟ್ಟರು. ಮೆಲ್ಲಗೆ ಊದಿದರೆ ಚಕ್ರ ಉರುಳಿ, ಹಿಂದೆ ಮುಂದೆ ತೂಗಿ, ಪ್ರತಿ ಸಲವೂ ಒಂದೇ ಬಿಂದು ಕೆಳಗಾಗಿ ನಿಂತಿತು. ಭಾರ ಇದ್ದದ್ದು ಅಲ್ಲಿ. ಅಂಚಿನ ಅಡಿಭಾಗದಿಂದ ಧೂಳಿನ ಕಣದಷ್ಟು ಲೋಹ ಕೆರೆದು, ಮತ್ತೆ ಉರುಳಿಸಿ, ಮತ್ತೆ ಕೆರೆದು, ಚಕ್ರ ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವಷ್ಟು ಹೊತ್ತಿಗೆ ಮಧ್ಯಾಹ್ನದ ಊಟದ ಸಮಯ ಮೀರಿತ್ತು. ಹೆಚ್ಚು ಕೆರೆದರೆ ಹಿಂದಿರುಗಿಸಲಾಗದ ಕೆಲಸ ಇದು. ಆ ಯುವಕರ ತಾಳ್ಮೆ ಕೆತ್ತನೆಯವರದಕ್ಕೆ ಕಡಿಮೆಯಿರಲಿಲ್ಲ.

ಜೋಡಿಸಿ ಅಳೆದಾಗ ಪೂರ್ತಿ ಕೀಯಲ್ಲಿ ಮಲಗಿದ ಭಂಗಿಗಳಲ್ಲಿ ಕೋನ 280 ಡಿಗ್ರಿ ದಾಟಿತು, ನಿಂತ ಭಂಗಿಗಳಲ್ಲಿ 250ರ ಸುಮಾರಿಗೆ ಬಂತು. 24 ಗಂಟೆಯ ನಂತರ ಕ್ರೌನು ಕೆಳಗಾಗಿ −13, ಮೇಲಾಗಿ +2. 62 ಇದ್ದ ಅಂತರ 15ಕ್ಕೆ ಇಳಿದಿತ್ತು. ರೆಗ್ಯುಲೇಟರನ್ನು ಕೊಂಚ ಮುಂದಕ್ಕೆ ಹೊಂದಿಸಿದೆವು. ಹಿಂದೆ ಬೀಳುವ ವಾಚು ಬಸ್ಸು ತಪ್ಪಿಸುತ್ತದೆ, ಮುಂದೆ ಹೋಗುವುದು ತಪ್ಪಿಸುವುದಿಲ್ಲ ಎಂಬ ಕಾರಣಕ್ಕೆ ಹಿಂದಿನಿಂದಲೂ ವಾಚು ಹೊಂದಿಸುವವರು ಹೀಗೇ ಮಾಡುತ್ತ ಬಂದಿದ್ದಾರೆ.

ಮಾಸ್ತರರು ಬೆಳಿಗ್ಗೆ ಏಳಕ್ಕೆ ತಡೆ ಸಿಗುವವರೆಗೆ ಕೀ ಕೊಡತೊಡಗಿದರು. ರಾತ್ರಿ ಬೆಲ್ಟು ಬಿಚ್ಚಿ ಒಣಬಟ್ಟೆಯ ಮೇಲೆ ಡಯಲು ಮೇಲಾಗಿ ಮಲಗಿಸತೊಡಗಿದರು. ಆನಂತರದ ಪಟ್ಟಿಯಲ್ಲಿ ವಾಚು ಹೆಚ್ಚಿನ ದಿನಗಳಲ್ಲಿ 2ರಿಂದ 10 ಸೆಕೆಂಡು ಮುಂದಿದೆ. ಕೀ ಕೊಡಲು ಮರೆತ ದಿನ ಹಿಂದೆ ಬಿದ್ದದ್ದೂ ಅದರಲ್ಲಿ ಬರೆದಿದೆ, ಕಾರಣದೊಂದಿಗೆ.

ಚೀಟಿ

ಇಷ್ಟಾದ ಮೇಲೂ ಉಳಿದದ್ದು ಆ ಚೀಟಿಯ ಪ್ರಶ್ನೆ. ಪಿವಟ್ಟು ಸವೆದಿದ್ದಕ್ಕೆ ತಯಾರಕರನ್ನು ದೂರುವಂತಿಲ್ಲ, ಅರ್ಧ ಕೀ ಕೊಟ್ಟಿದ್ದಕ್ಕೆ ಮಾಸ್ತರರನ್ನೂ ದೂರುವಂತಿಲ್ಲ. ಆದರೆ ಒಂದೇ ಭಂಗಿಯಲ್ಲಿ, ಪೂರ್ತಿ ಕೀಯಲ್ಲಿ ಸಿಕ್ಕ ಒಂದೇ ಸಂಖ್ಯೆಯನ್ನು 'ನಿಖರತೆ' ಎಂದು ಬರೆದು ಕೊಟ್ಟದ್ದು ತಪ್ಪು ನಿರೀಕ್ಷೆಗೆ ದಾರಿ ಮಾಡಿತು, ಅದರ ಹೊಣೆ ಬರೆದವರದೇ. ಹಳೆ ಯಂತ್ರ ಹಾಕಿದ ವಾಚು ಮಾರುವವರು ಎರಡು ಸಂಖ್ಯೆಗಳನ್ನಾದರೂ ಕೊಡಬೇಕು: ಧರಿಸಿದಾಗ ದಿನಕ್ಕೆ ಸರಾಸರಿ ಎಷ್ಟರೊಳಗೆ ಇರುತ್ತದೆ, ಮತ್ತು ಒಂದು ದಿನದಿಂದ ಇನ್ನೊಂದು ದಿನಕ್ಕೆ ಎಷ್ಟರವರೆಗೆ ಬದಲಾಗಬಹುದು. ಎರಡನ್ನೂ ಹಣ ಪಡೆಯುವ ಮೊದಲೇ ಹೇಳಬೇಕು. 24 ಗಂಟೆಯ ನಂತರದ ನಿಂತ ಭಂಗಿಯ ಅಳತೆ ಇಲ್ಲದೆ ಯಾವ ವಾಚೂ ಮೇಜು ಬಿಟ್ಟು ಹೊರಡಬಾರದು.

ಎಷ್ಟಿದ್ದರೆ ಸಾಕು ಎಂದು ಕೇಳಿದಾಗ ಮಾಸ್ತರರು ಪಂಚಾಂಗದ ಲೆಕ್ಕದಲ್ಲಿ ಉತ್ತರಿಸಿದರು: ದಿನಕ್ಕೆ ಒಂದು ವಿಘಳಿಗೆಯೊಳಗೆ ಇದ್ದರೆ ನನಗೆ ತೃಪ್ತಿ. ವಿಘಳಿಗೆ ಎಂದರೆ 24 ಸೆಕೆಂಡು. ತಕ್ಕಮಟ್ಟಿಗೆ ಸರ್ವೀಸ್ ಆದ, ಈ ವಯಸ್ಸಿನ, ಈ ದರ್ಜೆಯ ಯಂತ್ರಕ್ಕೆ ಇದು ನ್ಯಾಯವಾದ ಮಿತಿ ಎಂದು ನನಗೂ ಅನ್ನಿಸುತ್ತದೆ. ಅದಕ್ಕಿಂತ ಚೆನ್ನಾಗಿ ಓಡಿದರೆ ಸಂತೋಷ, ಅದನ್ನು ಹಕ್ಕಿನಂತೆ ಕೇಳಲಾಗದು. ಅದಕ್ಕಿಂತ ಕೆಟ್ಟದಾಗಿ ಓಡಿದರೆ ಯಂತ್ರದ ವಯಸ್ಸನ್ನು ಕಾರಣ ಹೇಳದೆ ಬಿಚ್ಚಿ ನೋಡಬೇಕು.

ಹೊಸ ಚೀಟಿಯಲ್ಲಿ ಬರೆದದ್ದು ಹೀಗಿದೆ. ಬೆಳಿಗ್ಗೆ ಪೂರ್ತಿ ಕೀ ಕೊಟ್ಟು ಧರಿಸಿದಲ್ಲಿ ದಿನಕ್ಕೆ 24 ಸೆಕೆಂಡಿನೊಳಗೆ, ದಿನದಿಂದ ದಿನಕ್ಕೆ 10 ಸೆಕೆಂಡಿನೊಳಗಿನ ಏರಿಳಿತ. ಸೆಕೆಂಡಿನ ಮುಳ್ಳು ಕ್ರೌನು ಎಳೆದರೂ ನಿಲ್ಲುವುದಿಲ್ಲ, ಆದ್ದರಿಂದ ಮೊಬೈಲಿನ ಸೆಕೆಂಡಿಗೆ ಸರಿಯಾಗಿ ಕೂರಿಸಲು ಬಾರದು. ರಬ್ಬರ್ ರಿಂಗು ಮಳೆಹನಿಗೂ ಬೆವರಿಗೂ ಸಾಕು, ಸಮುದ್ರಕ್ಕೆ ಸಾಲದು; ಗಾಜಿನ ಒಳಗೆ ಮಂಜು ಕಂಡರೆ ಅಂದೇ ತರಬೇಕು, ಏಕೆಂದರೆ ಉಪ್ಪಿನ ತೇವಕ್ಕೆ ಕೀ ಕೊಡುವ ಉಕ್ಕಿನ ದಂಡ ಎಲ್ಲಕ್ಕಿಂತ ಮೊದಲು ತುಕ್ಕು ಹಿಡಿಯುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಸರ್ವೀಸ್. ಮುಂದಿನ ಸರ್ವೀಸಿನಲ್ಲಿ ಪಿವಟ್ಟಿನ ಸವೆತ ಮುಂದುವರಿದಿದ್ದರೆ ಬ್ಯಾಲೆನ್ಸಿನ ದಂಡವನ್ನು ಬದಲಿಸುವುದು, ಅದರ ವೆಚ್ಚವನ್ನು ಇಬ್ಬರೂ ಸಮವಾಗಿ ಹೊರುವುದು. ಈ ಕೊನೆಯ ಷರತ್ತನ್ನು ಸೂಚಿಸಿದ್ದು ಮಾಸ್ತರರೇ; ಇಬ್ಬರೂ ಅದರ ಕೆಳಗೆ ಸಹಿ ಹಾಕಿದ್ದಾರೆ.